ಆಟಿಸಂ: ಕಾರಣ ಒಂದೋ, ನೂರೊಂದೋ?

(ಒಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ, ಈಗ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ವೈದ್ಯೆ. ಮೇಷ್ಟ್ರ ಮೂರು ವರ್ಷದ ಮೊಮ್ಮಗನಿಗೆ ಆಟಿಸಂ ಇದೆ ಎಂದು ಇತ್ತೀಚೆಗೆ ತಿಳಿದಿದೆ.)

ಮೇಷ್ಟ್ರು: ನೋಡಮ್ಮ, ನಮ್ಮನೆಯಲ್ಲಿ ಈಗ ಕಾರಣಗಳ ಸಂತೆ ನಡೀತಿದೆ. ನನ್ನ ತಂಗಿ, ಅವಳೇ ನನಗೆ ಬೀಗಿತ್ತಿಯೂ ಹೌದು, ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದದ್ದೇ ತಪ್ಪು ಅಂತಾಳೆ. ಅಳಿಯ ಮೊಬೈಲ್ ಅಂತಾನೆ. ಪಕ್ಕದ ಮನೆಯವರು ಲಸಿಕೆ ಅಂತಾರೆ. ಊರಿನ ನೆಂಟರೊಬ್ಬರು, ಅತ್ತೆಮಗನಿಗೇ ಹುಡುಗಿ ಕೊಟ್ಟಿರಲ್ಲ, ಇನ್ನೇನಾಗುತ್ತೆ ಅಂದರು. ಇಷ್ಟರಲ್ಲಿ ಅಸಲಿ ಕಾರಣ ಯಾವುದೋ ಅದೊಂದನ್ನು ಹೇಳಿಬಿಡು, ಉಳಿದವರ ಬಾಯಿ ನಾನು ಮುಚ್ಚಿಸ್ತೀನಿ.

ವೈದ್ಯೆ: ಒಂದನ್ನೇ ಹೇಳು ಅಂತೀರಲ್ಲ ಸರ್, ತೊಡಕು ಅಲ್ಲಿಂದಲೇ ಶುರು. ಗ್ರಹಣವನ್ನೂ ಲಸಿಕೆಯನ್ನೂ ನಿಶ್ಚಿಂತೆಯಾಗಿ ಬಿಟ್ಟುಬಿಡಿ. ಮೊಬೈಲ್ ಮುಂದೆ ಕೂತೇ ದಿನ ಕಳೆದರೆ ಮಗುವಿನ ಮಾತು ತಡವಾಗಬಹುದು, ಆದರೆ ಆಟಿಸಂ ಅದರಿಂದ ಹುಟ್ಟುತ್ತೆ ಅನ್ನೋದಕ್ಕೆ ಆಧಾರವಿಲ್ಲ. ನೆಂಟಸ್ತಿಕೆಯ ಮದುವೆ ವಿಷಯ ಸ್ವಲ್ಪ ಹೊತ್ತು ಹಾಗೇ ಇರಲಿ, ಅದರಲ್ಲಿ ಒಂದೆಳೆ ಸತ್ಯವಿದೆ. ಆದರೆ ಇವನ್ನೆಲ್ಲ ಎಬ್ಬಿಸಿ ಕಳಿಸಿದ ಜಾಗದಲ್ಲಿ ಕೂರಿಸೋಕೆ ನನ್ನ ಹತ್ತಿರ ಒಂದು ಕಾರಣ ಇಲ್ಲ. ನೂರಾರು ಇವೆ.

ಮೇಷ್ಟ್ರು: ನೂರಾರು ಅನ್ನೋದು ‘ಗೊತ್ತಿಲ್ಲ’ ಅನ್ನೋದನ್ನೇ ಮರ್ಯಾದೆಯಾಗಿ ಹೇಳೋ ರೀತಿ ಅಲ್ಲವೇನಮ್ಮ? ಕ್ಷಯ ಯಾಕೆ ಬರುತ್ತೆ ಅಂದರೆ ಒಂದು ಬ್ಯಾಕ್ಟೀರಿಯಾ. 1882ರಲ್ಲಿ ಕಾಕ್ ತೋರಿಸಿದ, ಮಾತು ಮುಗಿಯಿತು. ಒಂದು ರೋಗಕ್ಕೆ ಒಂದು ಕಾರಣ ಅಂತ ನಾನೇ ನಿಮಗೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ.

ವೈದ್ಯೆ: ಕ್ಷಯ ಹೌದೋ ಅಲ್ಲವೋ ಅಂತ ಹೇಳೋದು ಕಫದಲ್ಲಿ ಸಿಗೋ ರೋಗಾಣು. ಆಟಿಸಂಗೆ ಅಂಥ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಮಗು ಹೇಗೆ ನಡೆದುಕೊಳ್ಳುತ್ತೆ ಅಂತ ಕೂತು ನೋಡ್ತೀವಿ, ಮನೆಯವರನ್ನು ಕೇಳ್ತೀವಿ. ಎರಡು ಗುಂಪಿನ ಲಕ್ಷಣಗಳು ಇರಬೇಕು. ಒಂದು, ಬೇರೆಯವರ ಜತೆ ಬೆರೆಯೋದು, ಮಾತಿಗೆ ಮಾತು ಕೊಡೋದು, ಕಣ್ಣು ಸನ್ನೆ ಅರ್ಥ ಮಾಡಿಕೊಳ್ಳೋದು, ಇವುಗಳಲ್ಲಿ ತೊಡಕು. ಎರಡು, ಮಾಡಿದ್ದನ್ನೇ ಮಾಡೋದು, ಒಂದೇ ಕ್ರಮ ಹಿಡಿಯೋದು, ಸದ್ದು ಬೆಳಕು ಸ್ಪರ್ಶ ಕೆಲವು ಮಕ್ಕಳಿಗೆ ತಡೆಯಲಾರದಷ್ಟು ಆಗೋದು. ಇವೆರಡೂ ಚಿಕ್ಕಂದಿನಿಂದ ಇದ್ದರೆ ಆಟಿಸಂ ಅಂತ ಬರೀತೀವಿ. ಬರೆದದ್ದು ನಡವಳಿಕೆಯ ಬಗ್ಗೆ. ಒಳಗೆ ಏನಾಗಿದೆ ಅಂತ ನಾವಿನ್ನೂ ಏನೂ ಹೇಳಿರೋದಿಲ್ಲ. ಮುಖ ಬಿಳಿಚಿಕೊಂಡ, ಎರಡು ಹೆಜ್ಜೆ ಓಡಿದರೆ ಏದುಸಿರು ಬಿಡೋ ಮಕ್ಕಳನ್ನು ನೀವು ಕ್ಲಾಸಿನಲ್ಲಿ ನೋಡಿದ್ದೀರಿ. ಎಲ್ಲರಿಗೂ ರಕ್ತಹೀನತೆ ಅಂತಲೇ ಬರೀತಾರೆ. ಆದರೆ ಒಬ್ಬನಿಗೆ ಊಟದಲ್ಲಿ ಕಬ್ಬಿಣ ಸಾಲದು, ಒಬ್ಬನ ಹೊಟ್ಟೆಯಲ್ಲಿ ಕೊಕ್ಕೆಹುಳು, ಮತ್ತೊಬ್ಬನಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದ ತಲಸೀಮಿಯ.

ಮೇಷ್ಟ್ರು: ಸರಿ, ಒಪ್ಪೋಣ. ಆದರೆ ಮೊದಲು ಇದಕ್ಕೆ ಹೆಸರಿಟ್ಟವರು ಒಂದೇ ಕಾಯಿಲೆ ಅಂತ ತಾನೇ ಇಟ್ಟದ್ದು?

ವೈದ್ಯೆ: ಹಾಗೇ ಅಂದುಕೊಂಡಿದ್ದರು. 1943ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದರು, ಎಂಟು ಗಂಡು, ಮೂರು ಹೆಣ್ಣು. ಇದು ಹುಟ್ಟಿನಿಂದಲೇ ಬಂದದ್ದು ಅಂತ ಆ ಲೇಖನದಲ್ಲೇ ಹೇಳಿದ್ದರು. ಆಮೇಲೆ ಅವರ ಮಾತೇ ವಾಲಿತು, ತಂದೆತಾಯಿಯ ತಣ್ಣನೆಯ ಸ್ವಭಾವದ ಕಡೆಗೆ ಬೆರಳು ಹೋಯಿತು. 1967ರಲ್ಲಿ ಷಿಕಾಗೋದ ಬ್ರೂನೋ ಬೆಟ್ಟೆಲ್‌ಹೈಮ್ ಪುಸ್ತಕ ಬರೆದು ಇಡೀ ಭಾರವನ್ನು ತಾಯಿಯ ಮೇಲೆ ಹೊರಿಸಿದರು. ಅಮೆರಿಕದ ಒಂದು ತಲೆಮಾರಿನ ತಾಯಂದಿರು ಆ ಭಾರ ಹೊತ್ತರು.

ಮೇಷ್ಟ್ರು: ನನ್ನ ಮಗಳು ಈಗ ಹೊತ್ತಿರೋದೂ ಅದೇ. ಗ್ರಹಣ ಅಂದರೂ ಅವಳೇ, ಮೊಬೈಲ್ ಅಂದರೂ ಅವಳೇ.

ವೈದ್ಯೆ: ಒಂದೇ ಕಾರಣ ಬೇಕು ಅಂತ ಹುಡುಕೋಕೆ ಹೊರಟ ಕಡೆಯೆಲ್ಲ ಹೀಗೇ ಆಗುತ್ತೆ ಸರ್. ಕಾರಣದ ಹುಡುಕಾಟ ತಪ್ಪಿತಸ್ಥರ ಹುಡುಕಾಟವಾಗಿಬಿಡುತ್ತೆ, ತಾಯಿ ಕೈಗೆಟಕುವಷ್ಟು ಹತ್ತಿರ ಇರ್ತಾಳೆ. ಬೆಟ್ಟೆಲ್‌ಹೈಮ್ ಪುಸ್ತಕ ಬರೋಕೆ ಮೂರು ವರ್ಷ ಮೊದಲೇ ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನೋ ಮನಶ್ಶಾಸ್ತ್ರಜ್ಞ, ಅವರ ಮಗನಿಗೂ ಆಟಿಸಂ ಇತ್ತು, ಇದು ಮೆದುಳಿನ ವಿಷಯ, ಮಮತೆಯ ವಿಷಯ ಅಲ್ಲ ಅಂತ ಪುಸ್ತಕ ಬರೆದು ವಾದಿಸಿದ್ದರು. ಗಟ್ಟಿ ಸಾಕ್ಷಿ ಬಂದದ್ದು 1977ರಲ್ಲಿ. ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟರ್ ಬ್ರಿಟನ್ನಿನ 21 ಅವಳಿ ಜೋಡಿಗಳನ್ನು ನೋಡಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ ನಾಲ್ಕು ಕಡೆ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದು ಕಡೆಯೂ ಇಬ್ಬರಿಗೂ ಇರಲಿಲ್ಲ. ಎಲ್ಲ ಜೋಡಿಗಳಲ್ಲೂ ಅಮ್ಮ ಒಬ್ಬಳೇ, ಮನೆಯೂ ಒಂದೇ. ವ್ಯತ್ಯಾಸ ಇದ್ದದ್ದು ವಂಶವಾಹಿಗಳಲ್ಲಿ.

ಮೇಷ್ಟ್ರು: ನಿಲ್ಲು. ಒಂದೇ ಅಂಡದವರಲ್ಲೂ ಹನ್ನೊಂದರಲ್ಲಿ ನಾಲ್ಕೇ. ಉಳಿದ ಏಳು? ಜೀನ್ ನಕಲು ಒಂದೇ ಆಗಿದ್ದೂ ಒಬ್ಬನಿಗೆ ಬಂತು, ಒಬ್ಬನಿಗೆ ಬರಲಿಲ್ಲ ಅಂದರೆ, ಜೀನೇ ಕಾರಣ ಅಂತ ಹೇಗೆ ಹೇಳ್ತೀಯ?

ವೈದ್ಯೆ: ಆ ಏಳರಲ್ಲೂ ಹೆಚ್ಚಿನ ಕಡೆ ಇನ್ನೊಂದು ಮಗುವಿಗೆ ಮಾತು ಅಥವಾ ಕಲಿಕೆಯ ತೊಂದರೆ ಇತ್ತು. ಅಂದರೆ ಬಂದದ್ದು ಪೂರ್ತಿ ಆಟಿಸಂ ಅಲ್ಲ, ಅದರ ಕಡೆಗಿನ ಒಲವು. ಆಮೇಲೆ ದೊಡ್ಡ ಲೆಕ್ಕಗಳು ಬಂದವು. 2019ರಲ್ಲಿ ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಇಪ್ಪತ್ತು ಲಕ್ಷ ಮಕ್ಕಳ ದಾಖಲೆ ನೋಡಿದಾಗ, ಜನರ ನಡುವೆ ಕಾಣೋ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ 80ರಷ್ಟು ಆನುವಂಶಿಕ ಅಂತ ಅಂದಾಜು ಬಂತು. ಇದು ಇಡೀ ಜನಸಮುದಾಯದ ಲೆಕ್ಕ. ನಿಮ್ಮ ಮೊಮ್ಮಗನ ಆಟಿಸಂನಲ್ಲಿ ನೂರಕ್ಕೆ ಎಂಬತ್ತು ಪಾಲು ಜೀನು, ಇಪ್ಪತ್ತು ಪಾಲು ಇನ್ನೇನೋ ಅಂತ ಓದಬಾರದು.

ಮೇಷ್ಟ್ರು: ಹಾಗಾದರೆ ಕಾರಣ ಸಿಕ್ಕಿತಲ್ಲ! ಆನುವಂಶಿಕತೆ ಅಂತ ಬರೆದು ಕೆಳಗೆ ಗೆರೆ ಎಳೆದುಬಿಡು.

ವೈದ್ಯೆ: ಎಳೆಯೋಕೆ ಬಿಡದ ಮಕ್ಕಳು ಅಷ್ಟು ಹೊತ್ತಿಗೆ ಬಂದಾಗಿತ್ತು. 1964–65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹರಡಿತು. ದೊಡ್ಡವರಿಗೆ ನಾಲ್ಕು ದಿನದ ಗಂಧೆ, ಅಷ್ಟೇ. ಬಸುರಿಯರಿಗೆ ತಗುಲಿದ ಕಡೆ ಕುರುಡು, ಕಿವುಡು, ಹೃದಯದ ದೋಷ ಇದ್ದ ಮಕ್ಕಳು ಹುಟ್ಟಿದರು. ನ್ಯೂಯಾರ್ಕಿನ ಸ್ಟೆಲ್ಲಾ ಚೆಸ್ ಅಂಥ 243 ಮಕ್ಕಳನ್ನು ಗಮನಿಸಿ 1971ರಲ್ಲಿ ವರದಿ ಕೊಟ್ಟರು. 10 ಮಕ್ಕಳಿಗೆ ಪೂರ್ಣ ಆಟಿಸಂ, ಇನ್ನೂ 8 ಮಕ್ಕಳಿಗೆ ಭಾಗಶಃ. ಆ ಕಾಲದ ಎಣಿಕೆಯಲ್ಲಿ ಆಟಿಸಂ ಅನ್ನೋದು ಹತ್ತು ಸಾವಿರಕ್ಕೆ ನಾಲ್ಕೈದು ಮಕ್ಕಳಲ್ಲಿ ಕಾಣೋದು. ಇಲ್ಲಿ ಕೆಲಸ ಮಾಡಿದ್ದು ವೈರಸ್.

ಮೇಷ್ಟ್ರು: ರುಬೆಲ್ಲಾ ಅಂದೆಯಾ? 2017ರ ಫೆಬ್ರವರಿಯಲ್ಲಿ ನಮ್ಮ ಸ್ಕೂಲಿಗೇ ಬಂದು ದಡಾರ-ರುಬೆಲ್ಲಾ ಲಸಿಕೆ ಹಾಕಿದರಲ್ಲ! ದೇಶದಲ್ಲಿ ಮೊದಲ ಸುತ್ತಿಗೆ ಆರಿಸಿದ ರಾಜ್ಯಗಳಲ್ಲಿ ನಮ್ಮದೂ ಇತ್ತು. ವಾಟ್ಸಾಪ್ ನೋಡಿಕೊಂಡು ಎಷ್ಟೋ ಜನ ಅಪ್ಪಂದಿರು ಗೇಟಿನ ಹತ್ತಿರ ಜಗಳಕ್ಕೆ ನಿಂತಿದ್ದರು, ನಮ್ಮ ಮಕ್ಕಳಿಗೆ ಚುಚ್ಚಬೇಡಿ ಅಂತ.

ವೈದ್ಯೆ: ಆಟಿಸಂನ ಖಚಿತವಾಗಿ ಗೊತ್ತಿರೋ ಒಂದು ಕಾರಣವನ್ನು ತಡೆಯೋ ಲಸಿಕೆಯ ಮೇಲೇ ಆಟಿಸಂ ತರುತ್ತೆ ಅನ್ನೋ ಅಪವಾದ ಬಿತ್ತು. 1998ರಲ್ಲಿ ಲಂಡನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ 12 ಮಕ್ಕಳ ಲೇಖನ ಪ್ರಕಟಿಸಿದರು. 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2019ರಲ್ಲಿ ವರದಿ ಬಂತು, ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ.

ಮೇಷ್ಟ್ರು: ವೈರಸ್ ಒಂದಾಯಿತು. ಹೊರಗಿನಿಂದ ಬರೋದು ಬೇರೆ ಏನಾದರೂ ಇದೆಯೇ?

ವೈದ್ಯೆ: ಬಸುರಿಯರು ತಗೊಂಡ ಥಾಲಿಡೊಮೈಡ್ ಮಾತ್ರೆ. ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ್ದು ಎಲ್ಲರಿಗೂ ಗೊತ್ತು. ಸ್ವೀಡನ್ನಿನಲ್ಲಿ ಅವರನ್ನು ದೊಡ್ಡವರಾದ ಮೇಲೆ ನೋಡಿದಾಗ ಕೆಲವರಲ್ಲಿ ಆಟಿಸಂ ಕಂಡಿತು. ಗರ್ಭಕಟ್ಟಿದ 20ರಿಂದ 24ನೇ ದಿನದ ಆಸುಪಾಸಿನಲ್ಲಿ ಔಷಧ ತಗುಲಿದವರೇ ಅವರಲ್ಲಿ ಹೆಚ್ಚು. ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತ ಗೊತ್ತಾಗದ ಹೊತ್ತು ಅದು. ಇನ್ನೊಂದು, ಮೂರ್ಛೆರೋಗಕ್ಕೆ ಕೊಡೋ ವಾಲ್ಪ್ರೊಯೇಟ್. ಡೆನ್ಮಾರ್ಕಿನ 2013ರ ಅಧ್ಯಯನದಲ್ಲಿ ಸಾಮಾನ್ಯ ಮಕ್ಕಳಲ್ಲಿ ಆಟಿಸಂ ನೂರಕ್ಕೆ ಒಂದೂವರೆ ಇದ್ದರೆ, ಗರ್ಭದಲ್ಲಿ ಈ ಔಷಧ ತಾಗಿದ ಮಕ್ಕಳಲ್ಲಿ ನಾಲ್ಕೂವರೆಗೆ ಹತ್ತಿರ ಇತ್ತು. ಹಾಗಂತ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಫಿಟ್ಸ್ ಬಂದರೆ ತಾಯಿ-ಮಗು ಇಬ್ಬರಿಗೂ ಅಪಾಯ. ಮದುವೆಯ ಹೊತ್ತಿಗೇ ಡಾಕ್ಟರ ಹತ್ತಿರ ಮಾತಾಡಿ ಬದಲಾಯಿಸಿಕೊಳ್ಳಬೇಕು.

ಮೇಷ್ಟ್ರು: ಪ್ಯಾರಸಿಟಮಾಲ್ ಅಂತ ಅಮೆರಿಕದ ಅಧ್ಯಕ್ಷರೇ ಹೇಳಿದರಂತಲ್ಲ?

ವೈದ್ಯೆ: 2025ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಉತ್ತರ ಹಿಂದಿನ ವರ್ಷವೇ ಸ್ವೀಡನ್ನಿನಿಂದ ಬಂದಿತ್ತು. ಸುಮಾರು 24.8 ಲಕ್ಷ ಮಕ್ಕಳ ದಾಖಲೆ. ಮೇಲ್ನೋಟಕ್ಕೆ ಸಣ್ಣ ಸಂಬಂಧ ಕಂಡಿತು. ಒಂದೇ ತಾಯಿಯ ಮಕ್ಕಳಲ್ಲಿ, ಒಂದು ಬಸುರಿಯಲ್ಲಿ ಮಾತ್ರೆ ತಗೊಂಡದ್ದು, ಇನ್ನೊಂದರಲ್ಲಿ ತಗೊಳ್ಳದ್ದು ಹೋಲಿಸಿದಾಗ ಆ ಸಂಬಂಧ ಮಾಯವಾಯಿತು. ಕಾರಣ ಹಲವು ಇವೆ ಅಂದ ಮಾತ್ರಕ್ಕೆ ಯಾರು ಏನು ಹೇಳಿದರೂ ಪಟ್ಟಿಗೆ ಸೇರಿಸೋಕಾಗೋಲ್ಲ. ಒಂದೊಂದೂ ಬೇರೆ ಬೇರೆಯಾಗಿ ಪರೀಕ್ಷೆ ಪಾಸಾಗಬೇಕು.

ಮೇಷ್ಟ್ರು: ಒಳ್ಳೆಯದು. ಈಗ ಜೀನ್ ಕಡೆಗೆ ಬಾ. ಅಲ್ಲಾದರೂ ಒಂದು ಜೀನ್ ಇರಬೇಕಲ್ಲ?

ವೈದ್ಯೆ: ಒಂದೊಂದು ಮಗುವಿನಲ್ಲಿ ಒಂದೊಂದು. ಫ್ರಾಜೈಲ್ ಎಕ್ಸ್ ಅಂತ ಇದೆ, ಎಕ್ಸ್ ಕ್ರೋಮೋಸೋಮಿನ ಒಂದು ಜೀನಿನಲ್ಲಿ ಮೂರಕ್ಷರದ ತುಣುಕು ಇನ್ನೂರಕ್ಕಿಂತ ಹೆಚ್ಚು ಸಲ ಮರುಕಳಿಸಿ ಆ ಜೀನ್ ಬಾಯಿ ಮುಚ್ಚಿಕೊಳ್ಳುತ್ತೆ. 1991ರಲ್ಲಿ ಪತ್ತೆಯಾಯಿತು. ಟ್ಯೂಬರಸ್ ಸ್ಕ್ಲೆರೋಸಿಸ್ ಅಂತ ಇನ್ನೊಂದು, ಮೈಮೇಲೆ ಬಿಳಿ ಮಚ್ಚೆ, ಮೆದುಳಿನಲ್ಲಿ ಗಂಟುಗಳು, ಅದಿರೋ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಆಟಿಸಂ. 2007ರಲ್ಲಿ ತಿಳಿದದ್ದು ಇನ್ನೊಂದು ಬಗೆ: ಅಪ್ಪನಲ್ಲೂ ಇಲ್ಲದ, ಅಮ್ಮನಲ್ಲೂ ಇಲ್ಲದ ಕ್ರೋಮೋಸೋಮಿನ ತುಣುಕು ಮಗುವಿನಲ್ಲಿ ಹೊಸದಾಗಿ ಬಿಟ್ಟುಹೋಗೋದು ಅಥವಾ ಎರಡಾಗೋದು. ಐಸ್‌ಲ್ಯಾಂಡಿನಲ್ಲಿ ಎಣಿಸಿದ್ದಾರೆ, ಅಪ್ಪನ ವಯಸ್ಸು ಒಂದೊಂದು ವರ್ಷ ಹೆಚ್ಚಿದಂತೆ ಮಗುವಿಗೆ ಸರಾಸರಿ ಎರಡು ಹೊಸ ಅಕ್ಷರತಪ್ಪು ಹೆಚ್ಚುತ್ತೆ. ಬಹುತೇಕ ತಪ್ಪುಗಳು ನಿರುಪದ್ರವಿ, ಅಪರೂಪಕ್ಕೊಂದು ಆಯಕಟ್ಟಿನ ಜಾಗದಲ್ಲಿ ಬೀಳುತ್ತೆ. 2020ರಲ್ಲಿ 35 ಸಾವಿರಕ್ಕೂ ಹೆಚ್ಚು ಜನರ ಜೀನ್ ಓದಿದಾಗ ಇಂಥ 102 ಜೀನ್‌ಗಳ ಪಟ್ಟಿ ಸಿಕ್ಕಿತು. ಅವುಗಳಲ್ಲಿ ಯಾವ ಒಂದು ಜೀನಿನ ಪಾಲೂ ನೂರಕ್ಕೆ ಒಂದನ್ನು ದಾಟೋಲ್ಲ.

ಮೇಷ್ಟ್ರು: ನೆಂಟಸ್ತಿಕೆ ವಿಷಯ ತಡೆದಿಟ್ಟಿದ್ದೆ.

ವೈದ್ಯೆ: ಅದು ಮೂರನೇ ಬಗೆ. ಅಪ್ಪನಲ್ಲೊಂದು, ಅಮ್ಮನಲ್ಲೊಂದು ಕೆಟ್ಟ ನಕಲು ಇದ್ದು, ಒಳ್ಳೆಯದೊಂದು ಜತೆಗಿರೋದರಿಂದ ಇಬ್ಬರೂ ಆರಾಮವಾಗಿರ್ತಾರೆ. ಮಗುವಿಗೆ ಎರಡೂ ಕೆಟ್ಟದ್ದೇ ಬಂದರೆ ತೊಂದರೆ. ಹತ್ತಿರದ ಸಂಬಂಧದಲ್ಲಿ ಒಂದೇ ಕೆಟ್ಟ ನಕಲು ಎರಡೂ ಕಡೆ ಇರೋ ಸಂಭವ ಹೆಚ್ಚು. 2012ರಲ್ಲಿ ಹೀಗೆ ನೆಂಟಸ್ತಿಕೆಯಲ್ಲಿ ಮದುವೆಯಾದ ಈಜಿಪ್ಟ್, ಟರ್ಕಿ, ಲಿಬಿಯಾ ಮೂಲದ ಕುಟುಂಬಗಳಲ್ಲಿ ಒಂದು ಜೀನ್ ಪತ್ತೆಯಾಯಿತು. ಅದು ಕೆಟ್ಟರೆ ಕೆಲವು ಅಮೈನೋ ಆಮ್ಲಗಳನ್ನು ಮೈ ಬೇಗ ಸುಟ್ಟುಹಾಕುತ್ತೆ, ಮೆದುಳಿಗೆ ಸಾಲೋದಿಲ್ಲ. ಆಟಿಸಂ, ಫಿಟ್ಸ್, ಬುದ್ಧಿಮಾಂದ್ಯ ಮೂರೂ ಬರುತ್ತೆ. ಆ ಜೀನ್ ಇಲ್ಲದ ಇಲಿಗಳಿಗೆ ಆ ಅಮೈನೋ ಆಮ್ಲಗಳನ್ನೇ ಆಹಾರದಲ್ಲಿ ಹೆಚ್ಚಿಸಿದಾಗ ಸುಧಾರಿಸಿದವು. ಆದರೆ ಇಂಥವು ಅಪರೂಪ. ನಮ್ಮ ಕಡೆ ಅತ್ತೆಮಗ, ಸೋದರಮಾವ ಅಂತ ಆದ ಮದುವೆಗಳೆಷ್ಟು! ಬಹುಪಾಲು ಮಕ್ಕಳು ಚೆನ್ನಾಗೇ ಇದ್ದಾರೆ. ಸಂಬಂಧವಿಲ್ಲದವರಿಗೆ ಹುಟ್ಟಿದ ಆಟಿಸಂ ಮಕ್ಕಳು ನನ್ನ ಹತ್ತಿರ ಬೇಕಾದಷ್ಟು ಬರ್ತಾರೆ. ಆ ನೆಂಟರು ಹೇಳಿದ್ದು ಪರೀಕ್ಷಿಸಬೇಕಾದ ಒಂದು ಸಾಧ್ಯತೆ, ಅಷ್ಟೇ. ತೀರ್ಪಲ್ಲ.

ಮೇಷ್ಟ್ರು: ಈ ಹೆಸರಿರೋ ಕಾರಣಗಳನ್ನೆಲ್ಲ ಕೂಡಿಸಿದರೆ ಎಷ್ಟು ಮಕ್ಕಳ ಲೆಕ್ಕ ಸಿಗುತ್ತೆ?

ವೈದ್ಯೆ: ಜೀನ್ ಪರೀಕ್ಷೆ ಮಾಡಿಸಿದರೆ ನೂರರಲ್ಲಿ ಸುಮಾರು ಹದಿನೈದು-ಇಪ್ಪತ್ತು ಮಕ್ಕಳಲ್ಲಿ ಬೆರಳಿಟ್ಟು ತೋರಿಸಬಹುದಾದ ಕಾರಣ ಸಿಗುತ್ತೆ. ಫಿಟ್ಸ್ ಅಥವಾ ಬುದ್ಧಿಮಾಂದ್ಯ ಜತೆಗಿದ್ದರೆ ಇನ್ನೂ ಹೆಚ್ಚು.

ಮೇಷ್ಟ್ರು: ಉಳಿದ ಎಂಬತ್ತು?

ವೈದ್ಯೆ: ಅಲ್ಲಿ ಖಳನಾಯಕ ಸಿಗೋದಿಲ್ಲ. ನಿಮ್ಮಲ್ಲಿ, ನನ್ನಲ್ಲಿ, ಎಲ್ಲರಲ್ಲೂ ಇರೋ ಸಾವಿರಾರು ಸಾಮಾನ್ಯ ಜೀನ್ ವ್ಯತ್ಯಾಸಗಳು, ಒಂದೊಂದರ ತೂಕ ಇಷ್ಟೇ ಇಷ್ಟು. ಒಂದು ಮಗುವಿನಲ್ಲಿ ಅವು ಒಂದೇ ಕಡೆಗೆ ಹೆಚ್ಚಾಗಿ ಕೂಡಿಬರುತ್ತೆ. ಸ್ವೀಡನ್ನಿನ 2014ರ ಅಧ್ಯಯನದ ಪ್ರಕಾರ ಆಟಿಸಂನ ಸಂಭವದಲ್ಲಿ ಸುಮಾರು ಅರ್ಧ ಇಂಥ ಸಾಮಾನ್ಯ ವ್ಯತ್ಯಾಸಗಳದೇ. ಇನ್ನೊಂದು ಕುತೂಹಲದ ವಿಷಯ: ಹೊಸದಾಗಿ ಹುಟ್ಟೋ ದೊಡ್ಡ ಜೀನ್ ತಪ್ಪುಗಳು ಬುದ್ಧಿಶಕ್ತಿಯನ್ನು ಕುಗ್ಗಿಸೋ ಕಡೆ ಎಳೆದರೆ, ಈ ಸಣ್ಣ ವ್ಯತ್ಯಾಸಗಳ ಮೊತ್ತ ಹೆಚ್ಚು ವರ್ಷ ಓದೋದರ ಜತೆ ನಂಟು ತೋರಿಸುತ್ತೆ. ಎರಡೂ ಆಟಿಸಂಗೇ ಬಂದು ಸೇರುತ್ತೆ. ಒಂದೇ ಕಾಯಿಲೆಯ ಹೆಚ್ಚು-ಕಡಿಮೆ ಅಂತ ಇದನ್ನು ಹೇಗೆ ಹೇಳೋದು?

ಮೇಷ್ಟ್ರು: ಈಗ ನನ್ನ ಮುಖ್ಯ ಆಕ್ಷೇಪಣೆ ಹಾಕ್ತೀನಿ. ವೈರಸ್, ಮಾತ್ರೆ, ಹೊಸ ತಪ್ಪು, ಹಳೇ ತಪ್ಪು, ಸಾವಿರ ಸಣ್ಣದು. ಇಷ್ಟೆಲ್ಲ ಬೇರೆ ಬೇರೆ ಕಡೆಯಿಂದ ಹೊರಟು ಎಲ್ಲವೂ ಅದೇ ಚಿತ್ರಕ್ಕೆ ಯಾಕೆ ಬರಬೇಕು? ಚಕ್ರ ತಿರುಗಿಸೋದು, ಕರೆದರೆ ತಿರುಗಿ ನೋಡದೆ ಇರೋದು. ಒಳಗೆ ಎಲ್ಲೋ ಒಂದು ಕಡೆ ಎಲ್ಲವೂ ಸೇರಲೇಬೇಕು. ಆ ಸೇರೋ ಜಾಗವೇ ನಿಜವಾದ ಕಾರಣ ಅಂತ ನಾನಂದರೆ?

ವೈದ್ಯೆ: ಒಳ್ಳೇ ವಾದ ಸರ್, ಅದರ ಹಿಂದೆ ಹೋದವರೂ ಇದ್ದಾರೆ. 2013ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ನೋಡಿದವು, ಈ ಜೀನ್‌ಗಳು ಎಲ್ಲಿ, ಯಾವಾಗ ಕೆಲಸ ಮಾಡುತ್ತೆ ಅಂತ. ಬಹಳಷ್ಟು ಜೀನ್‌ಗಳು ಗರ್ಭದ ನಡುಗಾಲದಲ್ಲಿ, ಮೆದುಳಿನ ಹೊರಪದರದ ನರಕೋಶಗಳಲ್ಲಿ ಚುರುಕಾಗಿರ್ತವೆ. ಕೆಲಸದಲ್ಲೂ ಎರಡು ದೊಡ್ಡ ಗುಂಪು ಇದೆ: ನರಕೋಶಗಳ ಸಂಧಿ ಕಟ್ಟೋವು, ಬೇರೆ ಜೀನ್‌ಗಳ ಮೇಲೆ ಹತೋಟಿ ಇಡೋವು. ಅಷ್ಟರ ಮಟ್ಟಿಗೆ ಸೇರೋ ಜಾಗ ಇದೆ. ಆದರೆ ಒಂದೇ ಜಾಗಕ್ಕೆ ಎದುರುಬದುರು ದಿಕ್ಕಿನಿಂದಲೂ ಬರಬಹುದು. 2011ರಲ್ಲಿ ಎಂಐಟಿಯ ಮಾರ್ಕ್ ಬೇರ್ ಅವರ ಪ್ರಯೋಗಾಲಯ ತೋರಿಸಿತು. ಫ್ರಾಜೈಲ್ ಎಕ್ಸ್ ಇಲಿಯಲ್ಲಿ ನರಸಂಧಿಯ ಹತ್ತಿರ ಪ್ರೋಟೀನ್ ತಯಾರಿ ವಿಪರೀತ. ಟ್ಯೂಬರಸ್ ಸ್ಕ್ಲೆರೋಸಿಸ್ ಇಲಿಯಲ್ಲಿ ಅದೇ ತಯಾರಿ ಕಡಿಮೆ. ಎರಡೂ ತಪ್ಪು ಒಂದೇ ಇಲಿಯಲ್ಲಿ ಇರೋ ಹಾಗೆ ತಳಿ ಮಾಡಿದರೆ, ಒಂದನ್ನೊಂದು ಸರಿದೂಗಿಸಿದವು. ಒಂದಕ್ಕೆ ಹಿತವಾದ ಔಷಧ ಇನ್ನೊಂದಕ್ಕೆ ವಿರುದ್ಧ.

ಮೇಷ್ಟ್ರು: ತಲಸೀಮಿಯ ಮಗುವಿಗೆ ರಕ್ತಹೀನತೆ ಅಂತ ಕಬ್ಬಿಣದ ಮಾತ್ರೆ ತಿನ್ನಿಸಿದ ಹಾಗೆ.

ವೈದ್ಯೆ: ಅಷ್ಟೇ. ಮೈಯಲ್ಲಿ ಮೊದಲೇ ಜಾಸ್ತಿ ಸೇರೋ ಕಬ್ಬಿಣದ ಮೇಲೆ ಇನ್ನಷ್ಟು ಕಬ್ಬಿಣ. ಆಟಿಸಂ ಔಷಧಗಳ ಪ್ರಯೋಗ ಹೆಚ್ಚುಕಡಿಮೆ ಎಲ್ಲ ಮಕ್ಕಳನ್ನೂ ಒಟ್ಟು ಸೇರಿಸಿ ನಡೆದದ್ದು. ಆಕ್ಸಿಟೋಸಿನ್ ಅನ್ನೋ ಹಾರ್ಮೋನಿನ ಮೇಲೆ ಬಹಳ ನಿರೀಕ್ಷೆ ಇತ್ತು. 290 ಮಕ್ಕಳ ಪ್ರಯೋಗದ ಫಲ 2021ರಲ್ಲಿ ಬಂತು, ಸುಮ್ಮನೆ ನೀರಿನಂಥದ್ದನ್ನು ಮೂಗಿಗೆ ಸಿಂಪಡಿಸಿದವರಿಗಿಂತ ಏನೂ ಹೆಚ್ಚಿಲ್ಲ. ಬುಮೆಟನೈಡ್ ಅನ್ನೋ ಇನ್ನೊಂದು ಔಷಧದ ಪ್ರಯೋಗವೂ ಅದೇ ವರ್ಷ ನಿಂತಿತು.

ಮೇಷ್ಟ್ರು: ಔಷಧವೇ ನಿಷ್ಪ್ರಯೋಜಕ ಇರಬಹುದಲ್ಲ? ಬೆರೆಸಿದ್ದರಿಂದ ಸೋತಿತು ಅಂತ ಹೇಗೆ ಹೇಳ್ತೀಯ?

ವೈದ್ಯೆ: ಹೇಳೋಕಾಗೋಲ್ಲ. ಯಾರಿಗೂ ನಾಟಲಿಲ್ಲವೋ, ಹತ್ತರಲ್ಲಿ ಒಬ್ಬನಿಗೆ ನಾಟಿ ಸರಾಸರಿಯಲ್ಲಿ ಕರಗಿಹೋಯಿತೋ, ಬೆರೆಸಿದ ಲೆಕ್ಕದಲ್ಲಿ ಎರಡೂ ಒಂದೇ ಥರ ಕಾಣುತ್ತೆ.

ಮೇಷ್ಟ್ರು: ಇನ್ನೊಂದು ಕಡೆಯಿಂದ ಹಿಡೀತೀನಿ. ಬೆರೆಸಿದವರು ನೀವೇ ಅಲ್ಲವೇ? ಕ್ಯಾನರ್ ನೋಡಿದ್ದು ಹನ್ನೊಂದು ಮಕ್ಕಳು. ಈಗ ಅಮೆರಿಕದಲ್ಲಿ 31 ಮಕ್ಕಳಿಗೆ ಒಂದು ಅಂತಾರೆ. ಬುಟ್ಟಿಯನ್ನು ಹಿಗ್ಗಿಸಿ ಎಲ್ಲವನ್ನೂ ತುಂಬಿಕೊಂಡು, ಆಮೇಲೆ ಒಳಗೆ ನೂರೆಂಟು ಥರ ಇದೆ ಅಂದರೆ ಅದು ಶೋಧವಲ್ಲ, ನೀವೇ ಮಾಡಿದ ಕಲಬೆರಕೆ.

ವೈದ್ಯೆ: ಮಾಂಟ್ರಿಯಲ್ಲಿನ ಸಂಶೋಧಕ ಲೋರಾಂ ಮೊತ್ರೋಂ ಹೆಚ್ಚುಕಡಿಮೆ ಇದನ್ನೇ ವಾದಿಸ್ತಾರೆ, ಲಕ್ಷಣಗಳು ಎದ್ದುಕಾಣೋ ಮಾದರಿ ಮಕ್ಕಳಿಗೆ ಮರಳಿ, ಅವರನ್ನು ಅಧ್ಯಯನ ಮಾಡಿ ಅಂತ. ಅವರ ಮಾತಿನಲ್ಲಿ ಹುರುಳಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1994ರಲ್ಲಿ ಆಸ್ಪರ್ಜರ್ ಸಿಂಡ್ರೋಮ್ ಈ ಬಳಗಕ್ಕೆ ಸೇರಿತು, 2013ರಲ್ಲಿ ಎಲ್ಲ ಒಂದೇ ಸ್ಪೆಕ್ಟ್ರಂ ಆಯಿತು. ಅಂಕಿ ಏರಿದ್ದರಲ್ಲಿ ದೊಡ್ಡ ಪಾಲು ಈ ಹಿಗ್ಗಿದ ಅಳತೆ ಮತ್ತು ಹೆಚ್ಚಿದ ತಿಳಿವಳಿಕೆಯದು. ಆದರೆ ಕ್ಯಾನರ್‌ ಅವರ ಹನ್ನೊಂದರ ಪುಟ್ಟ ಬುಟ್ಟಿಯಲ್ಲೂ ಮಕ್ಕಳು ಒಂದೇ ಥರ ಇರಲಿಲ್ಲ. 1971ರಲ್ಲಿ ಅವರೇ ಹಿಂದಿರುಗಿ ನೋಡಿದಾಗ ಒಬ್ಬ ಬ್ಯಾಂಕಿನಲ್ಲಿ ಕೆಲಸ ಮಾಡ್ತಿದ್ದ, ಕೆಲವರು ಮಾನಸಿಕ ಆಸ್ಪತ್ರೆಗಳಲ್ಲೇ ಉಳಿದುಹೋಗಿದ್ದರು. ಲಂಡನ್ನಿನಲ್ಲಿ ಸಾವಿರಾರು ಅವಳಿಗಳ ಅಧ್ಯಯನದಿಂದ 2006ರಲ್ಲಿ ಇನ್ನೂ ಆಳದ ಪೆಟ್ಟು ಬಿತ್ತು. ಫ್ರಾನ್ಸೆಸ್ಕಾ ಹ್ಯಾಪೆ, ಏಂಜೆಲಿಕಾ ರೊನಾಲ್ಡ್, ರಾಬರ್ಟ್ ಪ್ಲೋಮಿನ್ ನೋಡಿದ್ದು ಇದು: ಬೆರೆಯೋ ತೊಡಕು, ಸಂವಹನದ ತೊಡಕು, ಮಾಡಿದ್ದೇ ಮಾಡೋ ಸ್ವಭಾವ, ಈ ಮೂರೂ ಮಕ್ಕಳಲ್ಲಿ ಬಹುಮಟ್ಟಿಗೆ ಬೇರೆ ಬೇರೆ ಜೀನ್‌ಗಳಿಂದ ಬರುತ್ತೆ. ಬೆರೆಯೋಕೆ ಕಷ್ಟಪಡೋ ಮಗುವಿಗೆ ಹಟದ ಕ್ರಮ ಇರಲೇಬೇಕು ಅಂತಿಲ್ಲ. ಅಂದರೆ ನೂರು ಮಕ್ಕಳಿಗೆ ನೂರು ಕಾರಣ ಇರೋದಷ್ಟೇ ಅಲ್ಲ, ಒಂದೇ ಮಗುವಿನ ಆಟಿಸಂಗೂ ಒಂದೇ ಕಾರಣ ಇರಬೇಕಾಗಿಲ್ಲ.

ಮೇಷ್ಟ್ರು: ಈ ಕಲಸುಮೇಲೋಗರವನ್ನು ಬಿಡಿಸಿ ಸರಿಯಾಗಿ ವಿಂಗಡಿಸೋ ಕೆಲಸ ಯಾರಾದರೂ ಶುರು ಮಾಡಿದ್ದಾರೋ?

ವೈದ್ಯೆ: 2025ರ ಜುಲೈನಲ್ಲಿ ಪ್ರಿನ್ಸ್‌ಟನ್ ಕಡೆಯವರು 5,392 ಮಕ್ಕಳ ವಿವರವನ್ನು ಕಂಪ್ಯೂಟರಿಗೆ ಕೊಟ್ಟು ನಾಲ್ಕು ಗುಂಪು ಮಾಡಿದರು. ಎಲ್ಲ ಬಗೆಯಲ್ಲೂ ತೀವ್ರ ತೊಂದರೆ ಇದ್ದ ನೂರಕ್ಕೆ ಹತ್ತರಷ್ಟು ಮಕ್ಕಳಲ್ಲಿ ಹೊಸ ಜೀನ್ ತಪ್ಪುಗಳು ಹೆಚ್ಚು. ಬೆಳವಣಿಗೆ ತಡವಾದ ಗುಂಪಿನಲ್ಲಿ ತಂದೆತಾಯಿಯಿಂದ ಬಂದ ಅಪರೂಪದ ವ್ಯತ್ಯಾಸಗಳೂ ಎದ್ದುಕಂಡವು. ನಡೆ-ನುಡಿ ಸಕಾಲಕ್ಕೆ ಬಂದು ತಡವಾಗಿ ಗುರುತು ಸಿಕ್ಕ ಗುಂಪಿನಲ್ಲಿ, ಹುಟ್ಟಿದ ಮೇಲೆ ಚುರುಕಾಗೋ ಜೀನ್‌ಗಳು. ಅದೇ ವರ್ಷ ಕೇಂಬ್ರಿಜ್‌ನವರು, ಚಿಕ್ಕಂದಿನಲ್ಲೇ ಗೊತ್ತಾಗೋ ಆಟಿಸಂಗೂ ಹದಿಹರೆಯದಲ್ಲಿ ಗೊತ್ತಾಗೋ ಆಟಿಸಂಗೂ ಜೀನ್ ಹಿನ್ನೆಲೆ ಭಾಗಶಃ ಮಾತ್ರ ಒಂದೇ ಅಂದರು.

ಮೇಷ್ಟ್ರು: ಕಂಪ್ಯೂಟರಿಗೆ ಐದು ಗುಂಪು ಮಾಡು ಅಂದರೆ ಐದು ಮಾಡಿಕೊಡುತ್ತೆ.

ವೈದ್ಯೆ: ನಿಜ, ನಾಲ್ಕು ಅನ್ನೋದು ಕಡೆಯ ಮಾತಲ್ಲ. ಅದೂ ಅಲ್ಲದೆ ಇಂಥ ಲೆಕ್ಕಗಳಲ್ಲಿ ಬಹುಪಾಲು ಯೂರೋಪು ಮೂಲದ ಮಕ್ಕಳು, ನಮ್ಮ ಮಕ್ಕಳು ಬೆರಳೆಣಿಕೆ. ಆದರೂ ಒಂದು ಗುಂಪು ಪೂರ್ತಿ ಬೇರೆಯಾಗಿ ಹೊರಬಂದದ್ದು ಈಗಾಗಲೇ ನಡೆದಿದೆ. ರೆಟ್ ಸಿಂಡ್ರೋಮ್. ಚೆನ್ನಾಗಿ ಬೆಳೀತಿದ್ದ ಹೆಣ್ಣುಮಗು ಒಂದೂವರೆ ವರ್ಷದ ಹೊತ್ತಿಗೆ ಕಲಿತ ಮಾತು ಮರೆತು, ಕೈ ಹಿಸುಕಿಕೊಳ್ಳೋಕೆ ಶುರುಮಾಡುತ್ತೆ. 1994ರ ಅಮೆರಿಕನ್ ಕೈಪಿಡಿಯಲ್ಲಿ ಅದು ಆಟಿಸಂ ಬಳಗದಲ್ಲೇ ಇತ್ತು. 1999ರಲ್ಲಿ ಹುದಾ ಜೋಗ್ಬಿ ಅವರ ಪ್ರಯೋಗಾಲಯ ಅದರ ಜೀನ್ ಹಿಡಿಯಿತು, 2013ರ ಕೈಪಿಡಿಯಲ್ಲಿ ಹೆಸರು ಆ ಬಳಗದಿಂದ ಹೊರಗೆ ಹೋಯಿತು. 2023ರಲ್ಲಿ ಅದಕ್ಕೇ ಅಂತ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು.

ಮೇಷ್ಟ್ರು: ಹೀಗೇ ಒಂದೊಂದೇ ಹೊರಗೆ ಹೋದರೆ ಕೊನೆಗೆ ಆಟಿಸಂ ಅನ್ನೋ ಹೆಸರೇ ಖಾಲಿಯಾಗುತ್ತೆ. ಈಗಲೇ ಯಾಕೆ ಕೈಬಿಡಬಾರದು?

ವೈದ್ಯೆ: ಹೆಸರು ಕಾರಣ ಹೇಳೋದಿಲ್ಲ ನಿಜ. ಬೇರೆ ಕೆಲಸ ಮಾಡುತ್ತೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇರೋದು ಆ ಹೆಸರಿನ ಮೇಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆ ಹೆಸರಿದೆ. ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು, ಶಾಲೆಯಲ್ಲಿ ಸೀಟು, ನಿರಾಮಯ ಆರೋಗ್ಯ ವಿಮೆ, ಎಲ್ಲವೂ ಅದನ್ನೇ ಕೇಳೋದು. ಯಾವ ಜೀನ್ ಅಂತ ಯಾರೂ ಕೇಳೋಲ್ಲ, ಕೇಳಬಾರದು ಕೂಡ. ಮಾತು ಬರದ ಮಗುವಿಗೆ ಚಿತ್ರ ತೋರಿಸಿ ಬೇಕಾದ್ದನ್ನು ಕೇಳೋದು ಹೇಗೆ ಅಂತ ಕಲಿಸೋದಕ್ಕೆ, ಆ ಮಗುವಿನ ಮೆದುಳನ್ನು ರುಬೆಲ್ಲಾ ಮುಟ್ಟಿತೋ ಜೀನ್ ಮುಟ್ಟಿತೋ ತಿಳಿಯಬೇಕಾಗಿಲ್ಲ. ಪ್ರಯೋಗಾಲಯಕ್ಕೆ ಬಹುವಚನ ಬೇಕು, ಹಕ್ಕಿಗೂ ಶಾಲೆಗೂ ಏಕವಚನ ಸಾಕು.

ಮೇಷ್ಟ್ರು: ನಮ್ಮ ಹುಡುಗನಿಗೆ ಪರೀಕ್ಷೆ ಮಾಡಿಸೋದೋ ಬೇಡವೋ? ಹತ್ತಾರು ಸಾವಿರ ಅಂತಾರೆ.

ವೈದ್ಯೆ: ನಿಮ್ಮ ಮಗಳು ಇನ್ನೊಂದು ಮಗು ಬೇಕು ಅಂತಿದ್ದಾಳೆ ಅಂದಿದ್ದಿರಿ. ಹಾಗಿದ್ದರೆ ಮಾಡಿಸಿ. ಕಾರಣ ಹಲವು ಅನ್ನೋದು ನಿಮ್ಮ ಮನೆಗೆ ನೇರವಾಗಿ ಬೇಕಾಗೋದು ಅಲ್ಲೇ. ಕಾರಣ ಗೊತ್ತಿಲ್ಲದಿದ್ದರೆ ಮುಂದಿನ ಮಗುವಿಗೂ ಆಟಿಸಂ ಬರೋ ಸಂಭವ ಐದರಲ್ಲಿ ಒಂದು. ಇವನದು ಹೊಸದಾಗಿ ಹುಟ್ಟಿದ ತಪ್ಪು ಅಂತಾದರೆ ಅದೇ ತಪ್ಪು ಮರುಕಳಿಸೋ ಸಂಭವ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತೆ. ಇಬ್ಬರಿಂದಲೂ ಬಂದ ತಪ್ಪಾದರೆ ನಾಲ್ಕರಲ್ಲಿ ಒಂದು. ಫ್ರಾಜೈಲ್ ಎಕ್ಸ್ ಆಗಿ ತಾಯಿಯಲ್ಲಿ ಅದು ಇದ್ದರೆ ಆ ಎಕ್ಸ್ ಮಗುವಿಗೆ ಹೋಗೋ ಸಂಭವ ಎರಡರಲ್ಲಿ ಒಂದು. ಒಂದೇ ಹೆಸರು, ನಾಲ್ಕು ಬೇರೆ ಬೇರೆ ಉತ್ತರ.

ಮೇಷ್ಟ್ರು: ಏನೂ ಸಿಗಲಿಲ್ಲ ಅಂತ ರಿಪೋರ್ಟ್ ಬಂದರೆ?

ವೈದ್ಯೆ: ಬರೋ ಸಂಭವವೇ ಹೆಚ್ಚು. ಆಗ ನಿಮ್ಮ ತಂಗಿಗೆ ಹೇಳಿ, ಸಣ್ಣ ಸಣ್ಣ ಸಾವಿರ ವ್ಯತ್ಯಾಸಗಳಲ್ಲಿ ಅವರ ಪಾಲೂ ಇದೆ, ನಿಮ್ಮದೂ ಇದೆ, ಮಗಳು ಒಬ್ಬಳ ತಲೆಗೆ ಕಟ್ಟೋಕಾಗೋಲ್ಲ ಅಂತ. ಒಂದೇ ಕಾರಣಕ್ಕೆ ಒಂದೇ ಮದ್ದು ಅಂತ ಬರೋವರನ್ನು ಒಳಗೆ ಬಿಡಬೇಡಿ. ಆಟಿಸಂಗೆ ಸ್ಟೆಮ್ ಸೆಲ್ ಹಾಕ್ತೀವಿ ಅಂತ ಲಕ್ಷಗಟ್ಟಲೆ ಕೇಳೋವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಅಂಥ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿಲ್ಲ. ಇನ್ನೊಂದು ಮಾತು. ಮೊದಲು ಕಾರಣ ಗೊತ್ತಾಗಲಿ, ಆಮೇಲೆ ಶುರು ಮಾಡೋಣ ಅಂತ ಕಾಯಬೇಡಿ. ರಿಪೋರ್ಟಿಗೆ ವಾರಗಟ್ಟಲೆ ಬೇಕು. ಥೆರಪಿ ಈ ವಾರವೇ ಶುರುವಾಗಬಹುದು.

ಮೇಷ್ಟ್ರು: ಅಂದರೆ ಕಾರಣ ಸಿಕ್ಕರೂ ಸಿಗದಿದ್ದರೂ ನಾಳೆ ಮಾಡೋ ಕೆಲಸ ಬದಲಾಗೋಲ್ಲ, ಮುಂದಿನ ಮಗುವಿನ ಲೆಕ್ಕ ಬದಲಾಗುತ್ತೆ. ಇಷ್ಟನ್ನು ನಾನು ಮನೆಯಲ್ಲಿ ಹೇಳಬಲ್ಲೆ. ನನ್ನ ತಂಗಿ ಒಪ್ಪೋದು ಅನುಮಾನ.

ವೈದ್ಯೆ: ಅವರನ್ನೇ ಥೆರಪಿಗೆ ಕರ್ಕೊಂಡು ಬನ್ನಿ ಸರ್. ಹುಡುಗ ದಿನವಿಡೀ ಇರೋದು ಅವರ ಹತ್ತಿರ ತಾನೇ? ಅಲ್ಲಿ ಕಲಿಸಿದ್ದನ್ನು ಮನೆಯಲ್ಲಿ ಮಾಡಿಸಬೇಕಾದವರೂ ಅವರೇ.